ನಾಲ್ಕೇ ಟ್ರ್ಯಾಕಿನಲ್ಲಿ ಒಂದು ಕನ್ನಡ ಆಲ್ಬಂ: ನನ್ನ ಅನುಭವ

ಹಳೇ ಕಾಲದ ಸದ್ದು ಬೇಕು ಅಂದ ತಕ್ಷಣ ಸುಮಾರು ಜನ ಮಾಡುವುದು ಒಂದೇ ಕೆಲಸ. ಹಾಡನ್ನು ಕಂಪ್ಯೂಟರಿನಲ್ಲಿ ಪೂರ್ತಿ ಮುಗಿಸಿ, ಅದರ ಮೇಲೆ ಕ್ಯಾಸೆಟ್ಟಿನ ಸುಯ್ ಸದ್ದು, ಗ್ರಾಮಫೋನ್ ರೆಕಾರ್ಡಿನ ಚಟಪಟ ಸೇರಿಸುತ್ತಾರೆ. ನನಗೆ ಅದು ಯಾವತ್ತೂ ಹಿಡಿಸಿಲ್ಲ. ಹಳೇ ಹಾಡುಗಳಿಗೆ ಆ ಗುಣ ಬಂದಿದ್ದು ಮಾಡಿದವರ ಕೈಯಲ್ಲಿ ಇದ್ದದ್ದೇ ಕಡಿಮೆ ಆಗಿದ್ದರಿಂದ. ಅದಕ್ಕೇ ನನ್ನ ಒಂಬತ್ತು ಹಾಡುಗಳ ಆಲ್ಬಂ ಶುರು ಮಾಡುವಾಗ ಒಂದು ನಿಯಮ ಹಾಕಿಕೊಂಡೆ: ಒಂದು ಹಾಡಿಗೆ ನಾಲ್ಕೇ ಟ್ರ್ಯಾಕ್, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸುವ ನಾಲ್ಕೇ ಪದರ.

ನಾಲ್ಕು ಅನ್ನುವುದಕ್ಕೆ ಕಾರಣ ಇದೆ. 1979ರಲ್ಲಿ ಟ್ಯಾಸ್ಕಾಮ್ ಕಂಪನಿ ‘ಪೋರ್ಟಾಸ್ಟುಡಿಯೋ 144’ ಅನ್ನುವ ಯಂತ್ರ ತಂದಿತು. ಅಂಗಡಿಯಲ್ಲಿ ಸಿಗುವ ಮಾಮೂಲಿ ಕ್ಯಾಸೆಟ್ಟಿನ ಮೇಲೇ ನಾಲ್ಕು ಟ್ರ್ಯಾಕ್‌ಗಳನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬಹುದಿತ್ತು. ಕ್ಯಾಸೆಟ್ಟಿನ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಇದರಲ್ಲಿ ಅದರ ಎರಡರಷ್ಟು ವೇಗ. ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮನೆಯಲ್ಲಿ ಕೂತು ಇದರಲ್ಲಿ ಮಾಡಿಕೊಂಡ ಟೇಪೇ ಕೊನೆಗೆ 1982ರಲ್ಲಿ ‘ನೆಬ್ರಾಸ್ಕ’ ಆಲ್ಬಂ ಆಗಿ ಹೊರಬಂತು. ನನ್ನ ಹತ್ತಿರ ಆ ಯಂತ್ರ ಇಲ್ಲ, ಲ್ಯಾಪ್‌ಟಾಪಿನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಇದೆ. ಅದರಲ್ಲಿ ನಾಲ್ಕು ಟ್ರ್ಯಾಕ್ ತೆರೆದೆ. ಒಂದರಲ್ಲಿ ರಿದಮ್ ಮತ್ತು ಬೇಸ್ ಒಟ್ಟಿಗೆ, ಇನ್ನೊಂದರಲ್ಲಿ ಕೀಬೋರ್ಡ್, ಉಳಿದ ಎರಡೂ ದನಿಗೆ. ಗಿಟಾರ್ ಬೇಕು ಅನ್ನಿಸಿದರೆ ಕೀಬೋರ್ಡ್ ಬಿಡಬೇಕು. ಈ ಬಿಡುವ ಕೆಲಸ ಇದೆಯಲ್ಲ, ಹಾಡಿನ ಅರ್ಧ ಸ್ವಭಾವ ಅದರಿಂದಲೇ ಬರುತ್ತದೆ.

ರಿದಮ್ಮಿಗೆ ನಿಜವಾದ ಡ್ರಮ್ಸ್ ಬೇಡ ಅಂತ ಮೊದಲೇ ಗೊತ್ತಿತ್ತು. ನಮ್ಮ ಕಡೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ಕೇಳಿ ಬೆಳೆದವರಿಗೆ ಕೀಬೋರ್ಡಿನ ಒಳಗಿನ ರಿದಮ್ ಮತ್ತು ಆಕ್ಟಪ್ಯಾಡ್ ಅನ್ನುವ ಎಲೆಕ್ಟ್ರಾನಿಕ್ ಡ್ರಮ್ಮಿನ ಟಪ್ ಟಪ್ ಕಿವಿಯಲ್ಲೇ ಕೂತಿರುತ್ತದೆ. ನನ್ನ ರೆಟ್ರೋ ಅದು. ಹಳೇ ಕ್ಯಾಸಿಯೋ ಕೀಬೋರ್ಡಿನ ರಿದಮ್ ಇಟ್ಟು, ವೇಗ ನಿಮಿಷಕ್ಕೆ 84ರಿಂದ 92 ಬೀಟಿನ ಒಳಗೇ ಇಟ್ಟುಕೊಂಡೆ.

ಇನ್ನು ಆ ಹಳಹಳಿಕೆ ಎಲ್ಲಿಂದ ಬರುತ್ತದೆ? ಮೈನರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ ಕಾರ್ಡ್ ಅನ್ನುತ್ತಾರೆ, ಮೈನರ್ ಅಂದರೆ ದುಃಖದ ಛಾಯೆಯದ್ದು) ತುಂಬಿಸಿದರೆ ಹಾಡು ಬರೀ ಅಳುತ್ತದೆ. ನನಗೆ ಬೇಕಾಗಿದ್ದು ಖುಷಿಯಾಗಿ ಹೋಗುತ್ತಿರುವ ಹಾಡು ಒಂದು ಕಡೆ ಚೂರು ಕುಸಿಯುವುದು. ಡಿ ಶ್ರುತಿಯಲ್ಲಿ ಹೇಳುತ್ತೇನೆ, ನುಡಿಸಿ ನೋಡಿ. ಡಿ ಮೇಜರ್, ಆಮೇಲೆ ಡಿ ಮೇಜರ್ ಸೆವೆಂತ್, ಆಮೇಲೆ ಜಿ ಮೇಜರ್. ಇಲ್ಲಿವರೆಗೂ ಎಲ್ಲ ಸರಿಯಾಗಿಯೇ ಇದೆ. ಈಗ ಜಿ ಮೇಜರ್‌ನಲ್ಲಿ ಬಿ ಮೇಲಿರುವ ಬೆರಳನ್ನು ಮಾತ್ರ ಪಕ್ಕದ ಕರಿ ಕೀಗೆ ಇಳಿಸಿ, ಬಾಕಿ ಎರಡು ಬೆರಳು ಅಲ್ಲೇ ಇರಲಿ. ಜಿ ಮೈನರ್ ಆಯಿತು. ಎದೆಯಲ್ಲಿ ಏನೋ ಆಗುತ್ತದೆ, ಅಲ್ವಾ? ಪಾಶ್ಚಾತ್ಯ ಪಾಪ್‌ನಲ್ಲಿ ಇದು ತುಂಬಾ ಬಳಕೆಯಲ್ಲಿರುವ ಪಟ್ಟು. ಆದರೆ ಕರ್ನಾಟಕ ಸಂಗೀತ ಒಂದಿಷ್ಟು ಕಲಿತವರಿಗೆ ಇದನ್ನು ಬೇರೆ ಥರ ಹೇಳಬಹುದು. ಡಿಯನ್ನು ‘ಸ’ ಅಂದುಕೊಂಡರೆ, ಇಳಿದದ್ದು ಧೈವತ (ಸರಿಗಮದ ‘ದ’) ಒಂದೇ. 29ನೇ ಮೇಳ (ಮೂಲ ರಾಗ) ಶಂಕರಾಭರಣದಲ್ಲಿ ಇದ್ದವರು ಆ ಒಂದು ಸ್ವರದಿಂದ 27ನೇ ಮೇಳ ಸರಸಾಂಗಿಗೆ ಬಂದುಬಿಟ್ಟಿರಿ. ಇದು ಹೊಳೆದ ಮೇಲೆ ನಾನು ರಾಗದ ಕಡೆಯಿಂದಲೇ ಧಾಟಿ ಹಾಕತೊಡಗಿದೆ. ಪಲ್ಲವಿ ಪೂರ್ತಿ ಶಂಕರಾಭರಣ, ಚರಣದ ಕೊನೆಯ ಸಾಲಿನಲ್ಲಿ ಮಾತ್ರ ಆ ಇಳಿದ ಧೈವತ. ಒಂದು ಹಾಡಿನಲ್ಲಿ ಅದು ಎರಡೇ ಸಲ ಬರಬೇಕು, ಜಾಸ್ತಿ ಬಂದರೆ ಕಿವಿಗೆ ಅಭ್ಯಾಸವಾಗಿಬಿಡುತ್ತದೆ.

ಸಾಹಿತ್ಯಕ್ಕೆ ಹೆಚ್ಚು ಸಮಯ ಹೋಯಿತು. ನೆನಪು, ಮೌನ, ಕಣ್ಣೀರು, ಒಂಟಿ, ಈ ನಾಲ್ಕು ಪದ ಇಡೀ ಆಲ್ಬಂನಲ್ಲಿ ಎಲ್ಲೂ ಬರಬಾರದು ಅಂತ ಗೋಡೆಗೆ ಬರೆದು ಅಂಟಿಸಿದ್ದೆ. ದುಃಖವನ್ನು ಹೆಸರು ಹಿಡಿದು ಕರೆದರೆ ಕೇಳುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಬದಲಿಗೆ ವಸ್ತುಗಳನ್ನು ಇಟ್ಟೆ: ಎಸ್‌ಟಿಡಿ ಬೂತಿನ ಬಿಲ್ಲು, ಲ್ಯಾಂಡ್‌ಲೈನ್ ನಂಬರು, ಬೀಗ ಹಾಕಿದ ಮನೆಯ ಮುಂದೆ ಬಿದ್ದಿರುವ ಇನ್‌ಲ್ಯಾಂಡ್ ಪತ್ರ. ಒಂದು ಹಾಡು ಹೀಗೆ ಶುರುವಾಗುತ್ತದೆ:

ನಂಬರು ಬಾಯಿಪಾಠ, ಮನೆ ಮಾತ್ರ ಇಲ್ಲ
ತುಂಬಿದ ಬಸ್ಸಲ್ಲಿ ನಿನ್ನೂರು ಬಂತಲ್ಲ

ಇಲ್ಲಿ ಎರಡು ವಿಷಯ ಬೇಕೆಂತಲೇ ಮಾಡಿದ್ದು. ನಂಬರು, ತುಂಬಿದ ಅನ್ನುವಲ್ಲಿ ಎರಡನೇ ಅಕ್ಷರ ಕೂಡುತ್ತದೆ. ಹಳಗನ್ನಡದ ಆದಿಪ್ರಾಸ ಇದೇ, ಪಾಪ್ ಹಾಡಿನಲ್ಲೂ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ ಯಾಕೆ ಯಾರೂ ಜಾಸ್ತಿ ಬಳಸುತ್ತಿಲ್ಲ ಅನ್ನಿಸುತ್ತದೆ. ಇನ್ನೊಂದು, ಸಾಲಿನ ಕೊನೆ. ಕನ್ನಡದ ಎಷ್ಟೋ ಪದಗಳು ಉಕಾರದಲ್ಲಿ ಮುಗಿಯುತ್ತವೆ, ಹೋಯಿತು, ಬಂದಿತು, ಊರು. ಅದನ್ನು ಎಳೆದು ಹಾಡಿದರೆ ತುಟಿ ಮುಚ್ಚಿಕೊಂಡು ಸ್ವರ ಒಳಗೇ ಉಳಿಯುತ್ತದೆ. ಎಳೆಯುವ ಸ್ವರದ ಮೇಲೆ ಅಕಾರ ಇದ್ದರೆ ಬಾಯಿ ತೆರೆದೇ ಇರುತ್ತದೆ, ದನಿ ತಾನಾಗಿ ಹೊರಗೆ ಬರುತ್ತದೆ.

ಹಾಡಿದ್ದು ರಾತ್ರಿ, ಧಾರವಾಡದ ಮನೆಯ ಒಳಕೋಣೆಯಲ್ಲಿ, ಫ್ಯಾನ್ ಆರಿಸಿ. ಬೆನ್ನ ಹಿಂದೆ ಮತ್ತು ಎರಡೂ ಪಕ್ಕ ಹಗ್ಗ ಕಟ್ಟಿ ಅಜ್ಜಿ ಹೊಲಿದ ಕೌದಿಗಳನ್ನು ಇಳಿಬಿಟ್ಟಿದ್ದೆ. ಹಳೇ ಸೀರೆ ಪದರದ ಮೇಲೆ ಪದರ ಇಟ್ಟು ಹೊಲಿದಿರುವುದರಿಂದ ಕೋಣೆಯ ಗುಂಯ್‌ಗುಡುವಿಕೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಮೈಕಿನಿಂದ ನಾಲ್ಕು ಬೆರಳು ದೂರ, ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡುವಷ್ಟೇ ಗಟ್ಟಿ. ಒಂದೇ ದನಿಯನ್ನು ಎರಡು ಸಲ ಹಾಡಿ ಸೇರಿಸುವುದು ಅರವತ್ತರ ದಶಕದಲ್ಲಿ ಜೋರಾಗಿದ್ದ ರೂಢಿ. ಎರಡೆರಡು ಸಲ ಹಾಡುವ ಬೇಸರ ತಪ್ಪಿಸಲೆಂದೇ 1966ರಲ್ಲಿ ಆ್ಯಬಿ ರೋಡ್ ಸ್ಟುಡಿಯೋದ ಕೆನ್ ಟೌನ್‌ಸೆಂಡ್ ಟೇಪಿನಲ್ಲೇ ಎರಡನೇ ದನಿ ಹುಟ್ಟಿಸುವ ಉಪಾಯ ಕಂಡುಹಿಡಿದರು. ನಾನು ಮಾತ್ರ ಕೂತು ಎರಡು ಸಲವೇ ಹಾಡಿದೆ, ಯಾಕಂದರೆ ಆ ಸಣ್ಣ ವ್ಯತ್ಯಾಸವೇ ನನಗೆ ಬೇಕಾಗಿತ್ತು. ಎರಡನೇ ಸಲ ಹಾಡುವಾಗ ಸ, ಶ, ಚ ಅಕ್ಷರಗಳನ್ನು ಅರ್ಧಕ್ಕರ್ಧ ನುಂಗಿ ಹಾಡಬೇಕು, ಇಲ್ಲವಾದರೆ ಎರಡೂ ಸೇರಿ ಕಿವಿಗೆ ಚುಚ್ಚುತ್ತದೆ.

ಕ್ಯಾಸೆಟ್ ಪೂರ್ತಿ ಬಿಟ್ಟೆ ಅಂತಲ್ಲ. ಕೀಬೋರ್ಡ್ ಟ್ರ್ಯಾಕ್ ಒಂದನ್ನೇ ಮನೆಯ ಹಳೇ ಕ್ಯಾಸೆಟ್ ಡೆಕ್‌ಗೆ ಕಳಿಸಿ ವಾಪಸ್ ಕಂಪ್ಯೂಟರಿಗೆ ತಂದೆ. ಮೊದಲು ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಟೇಪು ತಾಗುವ ಹೆಡ್ ಒರೆಸಿಕೊಳ್ಳಿ. ಡೆಕ್‌ನ ಮೋಟರ್ ಕಂಪ್ಯೂಟರಿನ ಲೆಕ್ಕಕ್ಕೆ ಸರಿಯಾಗಿ ಓಡುವುದಿಲ್ಲ, ಮೂರು ನಿಮಿಷದ ಹಾಡಿನ ಕೊನೆಗೆ ಬರುವಷ್ಟರಲ್ಲಿ ತಾಳ ಜಾರಿರುತ್ತದೆ. ಅದಕ್ಕೆ ಹಾಡಿನ ಮೊದಲು ಒಂದು ಟಿಕ್, ಕೊನೆಯಲ್ಲಿ ಒಂದು ಟಿಕ್ ಇಟ್ಟು ಕಳಿಸಿ. ವಾಪಸ್ ಬಂದ ಮೇಲೆ ಆ ಎರಡು ಗುರುತು ಕೂಡುವಷ್ಟು ಎಳೆದರೆ ಆಯಿತು. ಮಧ್ಯದಲ್ಲಿ ಉಳಿಯುವ ಸಣ್ಣ ಓಲಾಟ ಇರಲಿ, ಅದು ಚೆಂದ. ದನಿಯನ್ನು ಮಾತ್ರ ಟೇಪಿಗೆ ಹಾಕಲಿಲ್ಲ. ಭಾವಗೀತೆ ಕೇಳಿ ಬೆಳೆದ ಕಿವಿ ನಮ್ಮದು, ಪದ ಬಿಡಿಬಿಡಿಯಾಗಿ ಕೇಳಿಸದಿದ್ದರೆ ಕನ್ನಡ ಹಾಡು ಅನ್ನಿಸುವುದೇ ಇಲ್ಲ.

ಕೊನೆಗೆ ಮಾಸ್ಟರಿಂಗ್, ಅಂದರೆ ಹೊರಗೆ ಬಿಡುವ ಮುಂಚೆ ಹಾಡಿನ ಸದ್ದನ್ನು ಹದ ಮಾಡುವುದು. ಸ್ಪಾಟಿಫೈ ಹೇಗಿದ್ದರೂ ಸಾಮಾನ್ಯವಾಗಿ ಹಾಡುಗಳನ್ನು ಸುಮಾರು ಮೈನಸ್ 14 ಲಫ್ಸ್ (ಸದ್ದಿನ ಗಟ್ಟಿತನ ಅಳೆಯುವ ಮಾನ) ಮಟ್ಟಕ್ಕೆ ತಂದು ಕೇಳಿಸುತ್ತದೆ, ಹಾಗಾಗಿ ಗಟ್ಟಿ ಮಾಡುವ ಹಟಕ್ಕೆ ಬೀಳಲಿಲ್ಲ. ಮೆಲ್ಲಗೆ ಹಾಡಿದ್ದು ಮೆಲ್ಲಗೇ ಇದೆ. ಹಾಡುಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಹಾಕಿದ್ದೇನೆ. ಜೊತೆಗೆ ಪೂರ್ತಿ ಸಾಹಿತ್ಯ ಇದೆ, ಪ್ರತಿ ಸಾಲಿನ ಮೇಲೆ ಕಾರ್ಡ್ ಬರೆದಿದ್ದೇನೆ. ನಿಮ್ಮ ಶ್ರುತಿಗೆ ಬದಲಾಯಿಸಿಕೊಂಡು ನುಡಿಸಿ, ಆ ಧೈವತ ಇಳಿಯುವ ಜಾಗ ಬದಲಾಯಿಸಬೇಡಿ.