ಕಡಲೂರಿನ ಚಳಿಗಾಲ: ವಾರವನ್ನು ಅರ್ಧ ದಿನದ ಲೆಕ್ಕದಲ್ಲಿ ಕಳೆಯುವುದು ಹೇಗೆ?

ಚಿಕ್ಕ ಕಡಲೂರಿನ ಚಳಿಗಾಲಕ್ಕೆ ನನ್ನದು ಒಂದೇ ನಿಯಮ. ವಾರಕ್ಕೆ ಏಳು ದಿನ ಅಂತ ಎಣಿಸಬೇಡಿ, ಹದಿನಾಲ್ಕು ಅರ್ಧ ದಿನ ಅಂತ ಎಣಿಸಿ. ಮೊಬೈಲಿನಲ್ಲಿ ಬುಧವಾರಕ್ಕೆ ಮಳೆಮೋಡದ ಚಿತ್ರ ಇದ್ದ ಮಾತ್ರಕ್ಕೆ ಬುಧವಾರ ಪೂರ್ತಿ ಹಾಳು ಅಂತಲ್ಲ. ಬೆಳಿಗ್ಗೆ ಸುರಿದು ಮಧ್ಯಾಹ್ನ ಬಿಸಿಲು ಬಿದ್ದರೂ ಅಲ್ಲಿ ಅದೇ ಚಿತ್ರ ಇರುತ್ತದೆ. ಅದನ್ನು ನಂಬಿ ಮನೆಯಲ್ಲಿ ಕೂತವರಿಗೆ ಒಳ್ಳೆಯ ಮಧ್ಯಾಹ್ನವೂ ಹೋಯಿತು, ಅಲ್ವಾ?

ನಾನು ಹೇಳುತ್ತಿರುವುದು ಭೂಮಧ್ಯರೇಖೆಯಿಂದ ದೂರದ, ಚಳಿಗಾಲದಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತ ಹಾದುಹೋಗುವ ಊರುಗಳ ಮಾತು.

ಮೊದಲು ಗಾಳಿಯ ಒತ್ತಡ ಅಳೆಯುವ ಒಂದು ಬ್ಯಾರೋಮೀಟರ್ ಇಟ್ಟುಕೊಳ್ಳಿ. ಎಷ್ಟೋ ಫೋನ್‌ಗಳಲ್ಲೇ ಅದು ಇರುತ್ತದೆ, ಗೋಡೆಗೆ ನೇತುಹಾಕುವ ಹಳೇ ಮುಳ್ಳಿನದಾದರೂ ನಡೆಯುತ್ತದೆ. ಮುಳ್ಳಿನದರ ಮೇಲೆ 'ಮಳೆ', 'ಬಿಸಿಲು' ಅಂತ ಬರೆದಿರುತ್ತಾರೆ, ಅದನ್ನು ಸುಮ್ನೆ ಬಿಟ್ಟುಬಿಡಿ. ಸಮುದ್ರಮಟ್ಟದಲ್ಲಿ ಸರಾಸರಿ ಒತ್ತಡ 1013 ಹೆಕ್ಟೊಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ). ಆದರೆ ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ಮುಖ್ಯ. ಮೂರು ಗಂಟೆಯಲ್ಲಿ ಒಂದು ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕೈದು ಇಳಿದರೆ ಅಂಗಳದಲ್ಲಿರುವ ಹಗುರ ಸಾಮಾನನ್ನು ಒಳಗೆ ತನ್ನಿ. 1859ರಲ್ಲಿ ರಾಯಲ್ ಚಾರ್ಟರ್ ಹಡಗು ವೇಲ್ಸ್ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದ ಮೇಲೆ, ಅಲ್ಲಿನ ಹವಾಮಾನ ಇಲಾಖೆಯ ಮುಖ್ಯಸ್ಥ ರಾಬರ್ಟ್ ಫಿಟ್ಜ್‌ರಾಯ್ 1861ರಲ್ಲಿ ಬ್ರಿಟನ್ನಿನ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳಿಸಲು ಶುರುಮಾಡಿದರು. ಮೀನುಗಾರರ ಬಂದರುಗಳಲ್ಲಿ ಬ್ಯಾರೋಮೀಟರ್ ಇಡಿಸಿದ್ದೂ ಅವರೇ. ಇಳಿಯುವ ಮುಳ್ಳನ್ನು ನೋಡಿ ದೋಣಿ ಬಿಡದೆ ಉಳಿಯುವುದು ಅಲ್ಲಿಯವರಿಗೆ ಜೀವದ ಪ್ರಶ್ನೆಯಾಗಿತ್ತು.

ಇನ್ನು ಗಾಳಿ. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ವಾಯುಭಾರ ಕುಸಿತ ನಿಮ್ಮ ಎಡಗಡೆ ಇರುತ್ತದೆ, ದಕ್ಷಿಣಾರ್ಧದಲ್ಲಿ ಬಲಗಡೆ. ಸಾಮಾನ್ಯವಾಗಿ ಆಗುವುದು ಹೀಗೆ: ಮೊದಲು ಆಕಾಶಕ್ಕೆ ತೆಳು ಬಿಳಿ ಮಬ್ಬು ಕವಿದು ಚಂದ್ರನ ಸುತ್ತ ಉಂಗುರ ಕಾಣುತ್ತದೆ. ಒತ್ತಡ ಇಳಿಯುತ್ತಾ ಹೋಗುತ್ತದೆ, ಬಿಡದೆ ಸುರಿಯುವ ಮಳೆ ಬರುತ್ತದೆ. ಆಮೇಲೆ ನೈಋತ್ಯದ ಗಾಳಿಗೆ ಸ್ವಲ್ಪ ಬೆಚ್ಚಗಾಗಿ ಜಿಟಿಜಿಟಿ ಹಿಡಿಯುತ್ತದೆ. ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ವಾಯವ್ಯದಿಂದ ಬೀಸಿ ಮೈ ನಡುಗಿತು ಅಂದರೆ ಖುಷಿಪಡಿ, ಹೊರಗೆ ಹೋಗುವ ಅರ್ಧ ದಿನ ಬಂತು. (ದಕ್ಷಿಣಾರ್ಧದಲ್ಲಿ ಮೊದಲು ವಾಯವ್ಯ, ಆಮೇಲೆ ನೈಋತ್ಯ.)

ಈ ಅರ್ಧ ದಿನದಲ್ಲೂ ಮಳೆ ಬರುತ್ತದೆ. ಸಮುದ್ರದ ನೀರು ನಿಧಾನವಾಗಿ ತಣಿಯುವುದರಿಂದ ಮೇಲೆ ಹಾಯುವ ಗಾಳಿಗಿಂತ ಬೆಚ್ಚಗಿರುತ್ತದೆ, ಅಲ್ಲೇ ಮೋಡ ಕಟ್ಟಿ ದಡಕ್ಕೆ ಬಂದು ಸುರಿಯುತ್ತದೆ. ಆದರೆ ಈ ಮಳೆಗೆ ನಡುನಡುವೆ ಬಿಡುವಿದೆ. ಅದನ್ನು ಹಿಡಿಯುವ ಉಪಾಯ ನನಗೆ ತುಂಬಾ ಇಷ್ಟ. ದಡದಲ್ಲಿ ನಿಂತವರಿಗೆ ದಿಗಂತದ ಗೆರೆ ಹೆಚ್ಚುಕಡಿಮೆ 5 ಕಿಲೋಮೀಟರ್ ದೂರ. ಗಾಳಿ ಬರುವ ಕಡೆ ಆ ಗೆರೆಯನ್ನೇ ನೋಡುತ್ತಿರಿ. ಬೂದು ಬಣ್ಣದ ಮಳೆ ಕೆಳಗಿಳಿದಿದ್ದರೂ ಗೆರೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದು ಇನ್ನೂ ಆಚೆ ಇದೆ. ಗೆರೆ ಅಳಿಸಿಹೋಯಿತೋ, ಮಳೆ ಆ 5 ಕಿಲೋಮೀಟರ್ ಒಳಗೆ ಬಂತು ಅಂತ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದರೆ ನಿಮ್ಮ ಕೈಯಲ್ಲಿ ಇರುವುದು ಏಳೆಂಟು ನಿಮಿಷ. ಸೂರು ಹುಡುಕಲು ಅಷ್ಟು ಸಾಕು. ಅದು ಹಾದುಹೋಗಿ ಗೆರೆ ಮತ್ತೆ ಮೂಡಿದ ತಕ್ಷಣ ಹೊರಡಿ.

ಛತ್ರಿ ಬೇಡ. ಗಾಳಿ ಗಂಟೆಗೆ 40 ಕಿಲೋಮೀಟರ್ ಮುಟ್ಟಿದರೆ ಅದನ್ನು ಹಿಡಿದುಕೊಳ್ಳುವುದೇ ಒಂದು ಕೆಲಸ. ಟೋಪಿ ಇರುವ ಮಳೆ ಜಾಕೆಟ್, ಒಳಗೆ ತೆಗೆದು ಹಾಕಲು ಬರುವ ಎರಡು ಪದರ ಬಟ್ಟೆ, ಇಷ್ಟೇ.

ಬಟ್ಟೆ ಒಣಗಿಸುವವರು ಗಾಳಿಯ ದಿಕ್ಕು ನೋಡಲೇಬೇಕು. ಕಡಲಿನಿಂದ ಜೋರು ಗಾಳಿ ಇರುವಾಗ ಹಾಕಿದ ಬಟ್ಟೆ ಒಣಗಿದಂತೆ ಕಂಡರೂ ಸಂಜೆಗೆ ಮತ್ತೆ ಅಂಟಂಟು. ಅದರಲ್ಲಿ ಉಪ್ಪು ಕೂತಿರುತ್ತದೆ, ತೇವಾಂಶ ಶೇ. 75 ದಾಟಿದರೆ ಉಪ್ಪು ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ನೆಲದ ಕಡೆಯಿಂದ ಗಾಳಿ ಬೀಸುವ ಅರ್ಧ ದಿನಕ್ಕೆ ಕಾಯಿರಿ. ಕಿಟಕಿ ಗಾಜಿನದೂ ಇದೇ ಕತೆ. ಬಿರುಗಾಳಿ ನಿಂತ ಮೇಲೆ ಮೊದಲು ಸಿಹಿನೀರು ಸುರಿಯಿರಿ, ಆಮೇಲೆ ಒರೆಸಿ. ಒಣಗಿದ ಗಾಜಿನ ಮೇಲೆ ಬಟ್ಟೆ ಎಳೆದರೆ ಉಪ್ಪಿನ ಜೊತೆ ಸೇರಿದ ಮರಳು ಗೀರು ಹಾಕುತ್ತದೆ.

ಒತ್ತಡ ಏರಿ ಗಾಳಿ ನಿಂತು ಆಕಾಶ ತಿಳಿಯಾದ ರಾತ್ರಿ ಚಳಿ ಜಾಸ್ತಿ. ಕಡಲಂಚಿನ ರಸ್ತೆ ಚೆನ್ನಾಗಿದೆ ಅಂತ ಊರೊಳಗಿನ ತಗ್ಗಿನಲ್ಲಿ ಧೈರ್ಯವಾಗಿ ಹೆಜ್ಜೆ ಹಾಕಬೇಡಿ. ಅಲ್ಲಿ ನೀರು ಹೆಪ್ಪುಗಟ್ಟಿ ಕಾಲು ಜಾರುತ್ತದೆ.

ಅಲೆಗಳ ವಿಷಯದಲ್ಲಿ ಮಾತ್ರ ಅರ್ಧ ದಿನದ ಲೆಕ್ಕ ನಡೆಯುವುದಿಲ್ಲ. ಗಾಳಿ ನಿಂತ ಮೇಲೂ ದೊಡ್ಡ ಅಲೆಗಳು ಬರುತ್ತಲೇ ಇರುತ್ತವೆ. ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಭರತವೂ ಅದರ ಜೊತೆ ಸೇರಿದರೆ ನೀರು ರಸ್ತೆಗೇ ಬರಬಹುದು. ಬಿಸಿಲು ಬಿದ್ದಿದೆ ಅಂತ ಅಲೆತಡೆ ಗೋಡೆ ಮೇಲೆ ಹತ್ತಬೇಡಿ. ಹಿಂದಿನ ಬೀದಿಯ ದಿಣ್ಣೆಯಿಂದ ನೋಡಿ, ಅಲ್ಲಿಂದಲೂ ಚೆನ್ನಾಗೇ ಕಾಣುತ್ತದೆ.