100 ನ್ಯಾನೊಮೀಟರ್ ಮಣಿ 60 ಆದದ್ದು ಹೇಗೆ: ನನ್ನ ಅನುಭವ

ಪಾಲಿಸ್ಟೈರೀನ್ ಮಣಿಗಳ ಬಾಟಲಿಯ ಮೇಲೆ 100 ನ್ಯಾನೊಮೀಟರ್ ಅಂತ ಬರೆದಿತ್ತು. ಉಪ್ಪು ತೆಗೆದ ನೀರಿನಲ್ಲಿ, ಶೇಕಡಾ 0.3ರಷ್ಟು ಹಾಕಿ, ಡಿಎಲ್‌ಎಸ್‌ಗೆ ಇಟ್ಟರೆ ಚಿಕ್ಕ ಕೋನದಲ್ಲಿ 60ರ ಆಸುಪಾಸು ತೋರಿಸುತ್ತಿತ್ತು. ಈ ಯಂತ್ರ ಮಣಿಗಳಿಂದ ಒಂದು ಕೋನದಲ್ಲಿ ಚದುರುವ ಲೇಸರ್ ಬೆಳಕನ್ನು ನೋಡಿ, ಅವುಗಳ ಓಡಾಟದ ವೇಗದಿಂದ ಗಾತ್ರ ಲೆಕ್ಕ ಹಾಕುತ್ತದೆ: ವೇಗ ಜಾಸ್ತಿ ಆದರೆ ಗಾತ್ರ ಚಿಕ್ಕದು. ಸ್ಯಾಂಪಲ್ ಕೆಟ್ಟಿದೆ ಎಂದರು ಲ್ಯಾಬಿನವರೆಲ್ಲ. ಒಂದನ್ನೊಂದು ತಳ್ಳುವ ಕಣಗಳು ನಿಧಾನ ಆಗಬೇಕಲ್ವಾ, ನಿನ್ನವು ಯಾಕೆ ಓಡುತ್ತಿವೆ ಎಂದು ನಕ್ಕರು.

ನಗಲಿ ಬಿಡಿ. ಆದರೆ ಬೆಳಿಗ್ಗೆ 60 ಬಂದದ್ದು ಸಂಜೆ 85 ಆಗುತ್ತಿತ್ತು. ಅದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಮೂರು ತಿಂಗಳು ಕಳ್ಳನನ್ನು ಹುಡುಕಿದೆ. ಕೊನೆಗೆ ಸಿಕ್ಕಿದ್ದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಅಂತ ಅಳೆಯುವ ಕಂಡಕ್ಟಿವಿಟಿ ಮೀಟರಿನಲ್ಲಿ. ಬೆಳಿಗ್ಗೆ ಸೆಂಟಿಮೀಟರಿಗೆ 0.1 ಮೈಕ್ರೊಸೀಮೆನ್ಸ್ ಹತ್ತಿರ ಇದ್ದ ನೀರು ಸಂಜೆಗೆ 1 ದಾಟಿತ್ತು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಂದು ಕಡೆ, ಗಾಜು ಬಿಡುವ ಸೋಡಿಯಂ ಇನ್ನೊಂದು ಕಡೆ. ಎರಡೂ ನೀರಿಗೆ ಅಯಾನು (ವಿದ್ಯುದಾವೇಶದ ಕಣ) ಸೇರಿಸಿ ಮಣಿಗಳ ತಳ್ಳಾಟ ಕುಗ್ಗಿಸುತ್ತಿದ್ದವು. ಸ್ಯಾಂಪಲ್ ಇಡಲು ಗಾಜಿನ ಬದಲು ಕ್ವಾರ್ಟ್ಜ್ ಸೆಲ್ ತರಿಸಿದೆ. ಎರಡನೇ ವಾರವೇ ತೊಳೆಯುವಾಗ ಜಾರಿ ಒಡೆಯಿತು. ಆ ವರ್ಷದ ಸಾಮಾನಿನ ದುಡ್ಡಲ್ಲಿ ದೊಡ್ಡ ಪಾಲು ಸಿಂಕಿಗೆ ಹೋಯಿತು, ಇನ್ನೊಂದಕ್ಕೆ ಕೈಚಾಚಿ ಬೈಸಿಕೊಂಡೆ.

ಆಮೇಲೆ ನೀರಿನ ಅಯಾನುಗಳನ್ನು ಹಿಡಿದಿಡುವ ಮಿಶ್ರ ರೆಸಿನ್ ಮಣಿಗಳನ್ನು ಸೆಲ್ಲಿನ ತಳದಲ್ಲೇ ಬಿಟ್ಟು, ಮೇಲೆ ಆರ್ಗಾನ್ ತುಂಬಿ ಮುಚ್ಚಿದೆ. ಹೊಸ ರೆಸಿನ್ ತಾನೇ ಕೊಳೆ ಬಿಡುತ್ತದೆ, ಚೆನ್ನಾಗಿ ತೊಳೆಯಬೇಕು. ಯಾವ ಕ್ರಮದಲ್ಲಿ, ಎಷ್ಟು ಸಲ ಅನ್ನೋದು ನನ್ನಲ್ಲೇ ಇರಲಿ. ಅದಕ್ಕೆ ಒಂದು ತಿಂಗಳು ಕೊಟ್ಟಿದ್ದೇನೆ. ನಾಲ್ಕೈದು ದಿನ ಸುಮ್ನೆ ಬಿಟ್ಟ ಮೇಲೆ ಅಳತೆ ನಿಂತಿತು. ಬೆಳಿಗ್ಗೆ, ಸಂಜೆ ಒಂದೇ ಉತ್ತರ.

ಆಗ ಕೋನ ಬದಲಿಸುತ್ತಾ ಹೋದೆ. 30 ಡಿಗ್ರಿಯಲ್ಲಿ ವೇಗ ಜಾಸ್ತಿ. 55ರ ಸುತ್ತ, ಚದುರಿದ ಬೆಳಕು ಗರಿಷ್ಠ ಇರುವಲ್ಲಿ, ಒಂಟಿ ಮಣಿಗಿಂತಲೂ ನಿಧಾನ. ಅಂದರೆ ಚಿಕ್ಕ ಕೋನದಲ್ಲಿ ಕಾಣುವುದು ಒಂದು ಮಣಿಯ ಓಡಾಟ ಅಲ್ಲ, ಗುಂಪಿನ ಏರುಪೇರು. ತಳ್ಳಾಟ ಅದನ್ನು ಬೇಗ ಸಮ ಮಾಡಿಬಿಡುತ್ತದೆ. ಆದರೆ ಅಲ್ಲಿ ಬೆಳಕೇ ಕಡಿಮೆ, ಒಂದು ಕಣ ಧೂಳು ಬಂದರೂ ಇಡೀ ಅಳತೆ ಹಾಳು. ಹತ್ತರಲ್ಲಿ ಆರು ಎಸೆದಿದ್ದೇನೆ.

ನಡುವೆ ಒಂದು ಹುಚ್ಚು ಪ್ರಯೋಗ. ಶೇಕಡಾ 2ರ ದ್ರಾವಣವನ್ನು ರೆಸಿನ್ ಜೊತೆ ಮರೆತು ಬಿಟ್ಟಿದ್ದೆ. ಒಂದು ವಾರದ ಮೇಲೆ ಟಾರ್ಚ್ ಹಾಯಿಸಿದರೆ ಒಳಗೆ ಹಸಿರು, ಕೆಂಪು ಚೂರುಗಳು ಮಿನುಗುತ್ತಿವೆ! ಮಣಿಗಳು ಹರಳಾಗಿದ್ದವು. ಒಂದು ಹನಿ ಉಪ್ಪುನೀರು ಬಿಟ್ಟು ಅಲುಗಾಡಿಸಿದೆ, ಎಲ್ಲ ಹಾಲಿನಂತೆ ಬಿಳಿಯಾಯಿತು.

ನಕ್ಕವರ ಎದುರೇ ಕೊನೆಯ ಅಳತೆ ಮಾಡಿದೆ. ಅದೇ 0.3ರ ಸ್ಯಾಂಪಲ್ಲಿನಿಂದ ರೆಸಿನ್ ತೆಗೆದು 1 ಮಿಲಿಮೋಲಾರ್ ಉಪ್ಪು ಸೇರಿಸಿದೆ. ತಳ್ಳಾಟ ಎಷ್ಟು ದೂರ ತಲುಪುತ್ತದೆ ಅಂತ ಹೇಳುವ ಡಿಬೈ ಉದ್ದ 10 ನ್ಯಾನೊಮೀಟರಿಗೆ ಇಳಿಯಿತು. ಎಲ್ಲ ಕೋನದಲ್ಲೂ ಹೆಚ್ಚುಕಡಿಮೆ 100. ಯಾರೂ ಮಾತಾಡಲಿಲ್ಲ. ಒಬ್ಬರು ಮಾತ್ರ ರೆಸಿನ್ ಹೇಗೆ ತೊಳೆದೆ ಅಂತ ಕೇಳಿದರು.