ಅತ್ತೀ, ಇದನ್ನ ಹರದ್ ಕೊಡು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನದು ಪಿಕೊ-ಫಾಲ್, ಆಲ್ಟರೇಷನ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಹರಿದದ್ದನ್ನು ಹೊಲಿದುಕೊಡುವುದೇ ಕೆಲಸ. ಹೋದ ವರ್ಷ ಅಣ್ಣನ ಮಗಳು ಗಟ್ಟಿಮುಟ್ಟಾದ ಜೀನ್ಸೊಂದನ್ನು ಮಷೀನಿನ ಮೇಲೆ ಇಟ್ಟು "ಅತ್ತೀ, ಇದನ್ನ ಹರದ್ ಕೊಡು" ಅಂದಳು. ಕಾಲೇಜಿನಲ್ಲಿ ಪಂಕ್ ವೇಷವಂತೆ: ಎಪ್ಪತ್ತರ ದಶಕದ ಬಂಡುಕೋರ ರಾಕ್ ಹಾಡಿನವರು ತೊಡುತ್ತಿದ್ದ ಹರಿದ ಬಟ್ಟೆ, ಅದಕ್ಕೆ ಸೇಫ್ಟಿ ಪಿನ್ನು. ಮೊಬೈಲಿನಲ್ಲಿ ತೋರಿಸಿದ ರೆಡಿಮೇಡ್ ಟೀ ಶರ್ಟಿಗೆ ಎರಡು ಸಾವಿರದ ಮೇಲೆ. ನೋಡಿದರೆ ಅದರ ಪಿನ್ನುಗಳು ನಿಜವಾದವಲ್ಲ, ಪ್ರಿಂಟು! ಪಿನ್ನಿನ ಚಿತ್ರಕ್ಕೆ ದುಡ್ಡು ಸುರಿಯುವವರಿಗೆ ನಾನೇನೂ ಹೇಳಲಾರೆ. ಉಳಿದವರಿಗೆ, ಅವಳ ಜೊತೆ ಕೂತು ಕಲಿತದ್ದು ಇಷ್ಟು.

ಕತ್ತರಿ ಹಿಡಿಯುವ ಮೊದಲು ಹಳೆಯ ಫೋಟೊ ನೋಡಿ. 1974ರಿಂದ 77ರ ನಡುವಿನವು ಸಾಕು. ನ್ಯೂಯಾರ್ಕಿನ ಬವರಿ ಬೀದಿಯ ಸಿಬಿಜಿಬಿ ಕ್ಲಬ್ಬಿನಲ್ಲಿ ಹಾಡುತ್ತಿದ್ದ ರಿಚರ್ಡ್ ಹೆಲ್‌ನ ಹರಿದ ಶರ್ಟು, ಕೆದರಿ ನಿಂತ ಕೂದಲು ನೋಡಿ. ಅದನ್ನು ಕಣ್ಣಲ್ಲಿ ತುಂಬಿಕೊಂಡು ಲಂಡನ್ನಿಗೆ ಮರಳಿದವನು ಮಾಲ್ಕಮ್ ಮೆಕ್‌ಲಾರೆನ್. ಅವನೂ ವಿವಿಯನ್ ವೆಸ್ಟ್‌ವುಡ್ಡೂ ಕಿಂಗ್ಸ್ ರೋಡಿನ 430ನೇ ನಂಬರಿನಲ್ಲಿ ಅಂಗಡಿ ಇಟ್ಟಿದ್ದರು. 1971ರಲ್ಲಿ ಅದು ಲೆಟ್ ಇಟ್ ರಾಕ್, 1974ರಲ್ಲಿ ಸೆಕ್ಸ್, 1976ರಲ್ಲಿ ಸೆಡಿಷನರೀಸ್. ಬೋರ್ಡು ಬದಲಾದಂತೆ ಒಳಗಿನ ಮಾಲೂ ಬದಲು. (ಎರಡನೆಯ ಹೆಸರನ್ನು ಹುಡುಗಿ ಜೋರಾಗಿ ಓದಿದ್ದೇ ತಡ, ಅವ್ವ ಎದ್ದು ಒಳಗೆ ಹೋದಳು.) ವೆಸ್ಟ್‌ವುಡ್ ಮೊದಲು ಸಣ್ಣ ಮಕ್ಕಳ ಶಾಲೆಯ ಟೀಚರು, ಹಳೆ ಬಟ್ಟೆಯ ಹೊಲಿಗೆ ಬಿಚ್ಚಿ ನೋಡಿ ಕೆಲಸ ಕಲಿತವಳು. ನಾನೂ ಹಾಗೇ ಕಲಿತದ್ದು, ಅದಕ್ಕೇ ಅವಳ ಮೇಲೆ ನನಗೆ ಒಂಚೂರು ಅಭಿಮಾನ.

ಫೋಟೊ ನೋಡುವಾಗ ಪ್ರತಿ ವಸ್ತುವಿಗೂ ಕೇಳಿ: ಇದು ಮೊದಲು ಯಾರ ಮೈಮೇಲಿತ್ತು? ಕಪ್ಪು ಲೆದರ್ ಜಾಕೆಟ್ ಬೈಕ್ ಸವಾರರದು. ಶಾಟ್ ಕಂಪನಿ 1928ರಲ್ಲಿ ಹೊಲಿದದ್ದು. ಡಾಕ್ಟರ್ ಮಾರ್ಟೆನ್ಸ್ ಬೂಟು 1960ರಲ್ಲಿ ಬಂದಾಗ ಹಾಕಿಕೊಂಡವರು ಪೋಸ್ಟ್‌ಮನ್ನರು, ಕಾರ್ಖಾನೆಯವರು. ಟಾರ್ಟನ್ ಚೌಕಳಿಯ ಕತೆ ಇನ್ನೂ ಮಜಾ. ಬಂಡೆದ್ದ ಸ್ಕಾಟ್ಲೆಂಡಿನ ಗುಡ್ಡಗಾಡು ಗಂಡಸರು ಅದನ್ನು ಉಡಕೂಡದು ಎಂದು 1746ರಲ್ಲಿ ಕಾನೂನು ಬಂತು, ಹೋದದ್ದು 1782ರಲ್ಲಿ. ಆಮೇಲೆ ಅದೇ ಚೌಕಳಿ ರಾಜಮನೆತನದ ಶೋಕಿಯಾಯಿತು. ಪಂಕಿನವರು ಅದಕ್ಕೆ ಜಿಪ್ಪು, ಪಟ್ಟಿ ಹಚ್ಚಿ ಮತ್ತೆ ಬೀದಿಗೆ ಎಳೆದರು.

ಇದೇ ಪ್ರಶ್ನೆಯನ್ನು ನಿಮ್ಮ ಮನೆಯಲ್ಲಿ ಕೇಳಿಕೊಳ್ಳಿ. ನಮ್ಮಲ್ಲಿ ಟಾರ್ಟನ್ ಇಲ್ಲ, ಗುಳೇದಗುಡ್ಡದ ಖಣ ಇದೆ. ಅವ್ವನ ಹಳೆ ಕುಪ್ಪಸ ಬಿಚ್ಚಿ ಮೊಣಕಾಲಿಗೆ ತೇಪೆ ಹಾಕಿದೆ, ಕೌದಿಯ ಹಾಗೆ ಹೊಲಿಗೆ ಎದ್ದು ಕಾಣುವಂತೆ. ನಿಮಗೆ ಬಟ್ಟೆ ಬೇಕಿದ್ದರೆ, ಹಳೆ ಬಟ್ಟೆಗೆ ಪಾತ್ರೆ ಕೊಡುವ ಭಾಂಡೀವಾಲಿ ಬರುವ ದಿನ ಕಾಯಿರಿ. ಸ್ಟೀಲ್ ಡಬ್ಬಿ ಕೊಟ್ಟು ಅವಳು ಒಯ್ಯುವ ಗಂಟಿನಲ್ಲಿ ಏನಿಲ್ಲ ಹೇಳಿ!

ಈಗ ಹರಿಯುವುದು. ಇಳಕಲ್ಲಿನಲ್ಲಿ ಅಪ್ಪನ ಮಗ್ಗದ ಪಕ್ಕ ಬೆಳೆದವಳಿಗೆ ಹಾಸು ಯಾವುದು, ಹೊಕ್ಕು ಯಾವುದು ಎಂದು ಯಾರೂ ಹೇಳಬೇಕಿಲ್ಲ. ಜೀನ್ಸಿನಲ್ಲಿ ಉದ್ದಕ್ಕೆ ಇಳಿಯುವ ಹಾಸು ನೀಲಿ, ಅಡ್ಡ ಹೋಗುವ ಹೊಕ್ಕು ಬಿಳಿ. ಪ್ಯಾಂಟು ತೊಟ್ಟು ಕುಳಿತು, ಮೊಣಕಾಲು ಬರುವಲ್ಲಿ ಸವೆದ ಸಾಬೂನಿನ ಚೂರಿನಿಂದ ಗೆರೆ ಎಳೆಯಿರಿ. ಬಿಚ್ಚಿ, ಮೂರು ಇಂಚು ಅಗಲದ ಎರಡು ಅಡ್ಡ ಸೀಳು ಹಾಕಿ. ನಡುವೆ ಒಂದು ಬೆರಳು ಜಾಗವಿರಲಿ. ಸೂಜಿಯಿಂದ ನೀಲಿ ಎಳೆಗಳನ್ನು ಒಂದೊಂದಾಗಿ ಎಬ್ಬಿಸಿ ಕೀಳಿ. ಬಿಳಿ ಎಳೆ ಮಾತ್ರ ಜಾಲರಿಯಂತೆ ಉಳಿಯುತ್ತದೆ. ಸುತ್ತ ಒಂದು ಜಿಗ್‌ಜ್ಯಾಗ್ ಓಡಿಸದಿದ್ದರೆ ಎರಡು ಒಗೆತಕ್ಕೆ ಮೊಣಕಾಲೇ ಹೊರಗೆ. ಸ್ಟ್ರೆಚ್ ಜೀನ್ಸಿಗೆ ಕೈ ಹಾಕಬೇಡಿ, ಎಳೆ ಸುರುಟಿಕೊಂಡು ಶ್ಯಾವಿಗೆಯಾಗುತ್ತದೆ.

ಶರ್ಟಿನ ಮೇಲಿನ ಬರಹಕ್ಕೆ ಇಂಗ್ಲಿಷೇ ಬೇಕೆಂದೇನಿಲ್ಲ. ಹುಡುಗಿ ಆರಿಸಿದ್ದು "ಹಠ". ಹಳೆ ಎಕ್ಸ್‌ರೇ ಹಾಳೆಯಲ್ಲಿ ಬ್ಲೇಡಿನಿಂದ ಅಕ್ಷರ ಕೊರೆದೆವು. ಠ ಕೊರೆದು ಎತ್ತಿದರೆ ನಡುವಿನ ಬಿಲ್ಲೆ, ಚುಕ್ಕೆ ಸಮೇತ ಉದುರಿ ಬಿತ್ತು! ಜಗತ್ತಿನ ಇಂಟರ್ನೆಟ್ಟಿನವರೆಲ್ಲ ಗುರಾಯಿಸುವ ಕಣ್ಣೆಂದು ಬಳಸುವ ಅಕ್ಷರ, ನಮ್ಮ ಶರ್ಟಿನ ಮೇಲೆ ಬರೀ ಕರಿ ಉಂಡೆ. ಎರಡನೇ ಸಲ ಬಿಲ್ಲೆಗೂ ಹೊರಗಿನ ಹಾಳೆಗೂ ನಡುವೆ ಕಡ್ಡಿಯಷ್ಟು ಅಗಲದ ಎರಡು ಸೇತುವೆ ಬಿಟ್ಟೆವು. ಒಳಗಿನ ಚುಕ್ಕೆಯನ್ನು ಆಮೇಲೆ ಬೆರಳಿನಿಂದ ಒತ್ತಿದೆವು. ಶರ್ಟಿನೊಳಗೆ ರಟ್ಟು ಇಡಿ, ಇಲ್ಲದಿದ್ದರೆ ಬೆನ್ನಿಗೂ ಬಣ್ಣ ಇಳಿಯುತ್ತದೆ. ಕೊರೆದ ಹಾಳೆಯನ್ನು ಮೇಲಿಟ್ಟು, ಫ್ಯಾಬ್ರಿಕ್ ಬಣ್ಣಕ್ಕೆ ನೀರು ಬೆರೆಸದೆ ಸ್ಪಂಜಿನಿಂದ ತಟ್ಟಿ. ಒಂದು ದಿನ ಬಿಟ್ಟು ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ.

ಎಲ್ಲವನ್ನೂ ನಕಲು ಮಾಡಬೇಕಿಲ್ಲ. ಆ ಕಾಲದ ಕೆಲವರು ಜನರನ್ನು ಕೆಣಕಲೆಂದೇ ನಾಜಿ ಗುರುತು ತೊಟ್ಟಿದ್ದರು. ಅದು ನನ್ನ ಅಂಗಡಿಯಲ್ಲಿ ಹೊಲಿಸಿಕೊಳ್ಳುವುದಿಲ್ಲ. ಎರಡೂ ಮೊಣಕಾಲನ್ನು ಒಂದೇ ಪಟ್ಟಿಯಿಂದ ಒಂದಕ್ಕೊಂದು ಕಟ್ಟುವ ಬಾಂಡೇಜ್ ಪ್ಯಾಂಟು ತೊಟ್ಟು ಬೆಳಗಿನ ಫಾಸ್ಟ್ ಲೋಕಲ್ ಹತ್ತುವ ಸಾಹಸವೂ ಬೇಡ. ಲೆದರ್ ಜಾಕೆಟ್ಟಿಗೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ; ಕರಿ ವೇಸ್ಟ್‌ಕೋಟ್ ಸಾಕು.

ಕೊನೆಗೆ ಪಿನ್ನು. ಪೇಟೆಯ ಪ್ಯಾಕೆಟ್ಟು ತರಲು ಹೊರಟಿದ್ದೆ. ಹುಡುಗಿ ನೋಡುತ್ತಿದ್ದದ್ದು ಅವ್ವನ ಬಳೆಗಳನ್ನು. ಸೆರಗಿಗೆ, ಹರಿದ ಚಪ್ಪಲಿಗೆ, ಮೊಮ್ಮಕ್ಕಳ ಚಡ್ಡಿಗೆ ಎಂದು ಅಲ್ಲಿ ಸದಾ ಒಂದು ಗೊಂಚಲು ನೇತಾಡುತ್ತದೆ. ಅವ್ವ ಎಂಟು ಎಣಿಸಿ ಕೊಟ್ಟು, "ಸಂಜೀಕ್ ತಿರುಗಿ ಕೊಡಬೇಕು ಮತ್ತ" ಅಂದಳು. ಭುಜಕ್ಕೆ ಚುಚ್ಚಿದರೆ ಲೋಕಲ್ಲಿನಲ್ಲಿ ಪಕ್ಕದವರಿಗೆ ಗೀರುತ್ತದೆ, ಹಾಗಾಗಿ ಎದೆಗೆ ಸಾಲಾಗಿ, ಬಾಯಿ ಒಳಮುಖವಾಗಿ. ಒಗೆಯುವ ಮೊದಲು ತೆಗೆಯಿರಿ, ತುಕ್ಕಿನ ಕಲೆ ಹೋಗುವುದಿಲ್ಲ.

ಸಂಜೆ ಏಳು ವಾಪಸ್ ಬಂದವು. ಎಂಟನೆಯದನ್ನು ಅವ್ವ ಇವತ್ತಿಗೂ ಕೇಳುತ್ತಾಳೆ.